ಹುರಿಯಾಳು

ಚುನಾವಣೆಯ ಕಾಲ ಬಂದಿತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಜಗಲಿಗಳಲ್ಲಿ ‘ಈ ಸಲ ಹುರಿಯಾಳು ಯಾರು?’ ಎಂಬ ಪ್ರಶ್ನೆ ಏಳುವುದು. ಪತ್ರಿಕೆಯ ತಲೆಬರಹವನ್ನೋದಿದ ಮಕ್ಕಳು ಈ ಮಾತಿಗೆ ಅರ್ಥ ಕೇಳಿದರೆ, ‘ಚುನಾವಣೆಗೆ ನಿಂತವನು’ ಎಂದು ಹೇಳಿ ಹಿರಿಯರು ಸುಮ್ಮನಾಗುವರು. ಅಷ್ಟೇ ಅರ್ಥವಾಗಿದ್ದರೆ ‘ಉಮೇದುವಾರ’ ಎಂಬುದೇ ಸಾಕಾಗಿತ್ತಲ್ಲವೆ?

ಹುರಿಯೆಂದರೆ ಹೊಸೆದ ನೂಲು, ಹೊಸೆದ ಹಗ್ಗ. ಬಿಡಿಯಾಗಿದ್ದಾಗ ಮಗುವೂ ಹರಿಯಬಲ್ಲ ತೆಂಗಿನ ನಾರು ಹುರಿಗೊಂಡ ಮೇಲೆ ಎತ್ತನ್ನೂ ತಡೆದು ನಿಲ್ಲಿಸುವುದು. ಆದುದರಿಂದಲೇ ಕಸುವುಳ್ಳ ಮೈಯನ್ನು ಹುರಿಗಟ್ಟಿದ ಮೈ ಎನ್ನುತ್ತೇವೆ, ಎದೆಗುಂದಿದವರನ್ನು ಹುರಿದುಂಬಿಸುತ್ತೇವೆ. ಹುರಿಯಾಳೆಂದರೆ ಅಂತಹ ಕಸುವಿನ ಆಳು, ಎದುರಾಳಿಗೆ ಸರಿಜೋಡಿಯಾಗಿ ನಿಲ್ಲತಕ್ಕವನು. ಗರಡಿಯವರು ಬಲಾಬಲವನ್ನು ನೋಡಿ ಜೋಡಿ ಕಟ್ಟಿದ ಮೇಲೆಯೇ ಕುಸ್ತಿ ಬಿಡುವರು. ಚುನಾವಣೆಯಲ್ಲಿ ಆ ನಿಯಮವಿಲ್ಲ. ನಾಮಪತ್ರ ಕೊಟ್ಟವರೆಲ್ಲರೂ ಅಭ್ಯರ್ಥಿಗಳೇ. ಪಕ್ಷದವರು ಹೆಸರನ್ನು ಸಾರಿದೊಡನೆಯೇ ಹುರಿಯಾಳೆಂದು ಬಿರುದು ಕೊಡುವುದು ನನಗೆ ಅವಸರವಾಗಿ ತೋರುವುದು.

‘ಮುಂಚೂಣಿ’ಯ ಮಾತು ಬೇರೆ. ಚೂಣಿಯೆಂದರೆ ಸೇನೆಯ ಮುಂಭಾಗ. ಅದು ನಿಂತಿರುವ ಸ್ಥಾನವನ್ನು ತಿಳಿಸುವುದೇ ಹೊರತು ಕಸುವನ್ನಲ್ಲ.

ಈ ಭೇದವು ೨೦೧೯ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದವರ ಕಣ್ಣೆದುರಿಗೇ ಬಂದಿತು. ಆ ಕ್ಷೇತ್ರಕ್ಕೆ ಸೇರಿದ ಎಂಟು ವಿಧಾನಸಭಾ ಸ್ಥಾನಗಳನ್ನೂ ೨೦೧೮ರಲ್ಲಿ ಗೆದ್ದಿದ್ದುದು ಜಾತ್ಯತೀತ ಜನತಾದಳ. ಅದರ ಅಭ್ಯರ್ಥಿ ನಿಖಿಲ್ ಕುಮಾರಸ್ವಾಮಿಯವರಿಗೆ ಕಾಂಗ್ರೆಸ್ಸಿನ ಮೈತ್ರಿಯೂ ಇದ್ದಿತು, ತಂದೆಯವರೇ ಮುಖ್ಯಮಂತ್ರಿಗಳು. ಲೆಕ್ಕವನ್ನು ನೋಡಿದವರಿಗೆ ಮುಂಚೂಣಿ ಯಾರದೆಂಬುದರಲ್ಲಿ ಸಂದೇಹವಿರಲಿಲ್ಲ. ಎದುರಿಗೆ ಪಕ್ಷೇತರರಾಗಿ ನಿಂತವರು ಸುಮಲತಾ ಅಂಬರೀಶ್; ಗುರುತು, ಕಹಳೆಯೂದುವ ರೈತ. ಅದೇ ಹೆಸರಿನ ಇನ್ನೂ ಮೂವರು ಮಹಿಳೆಯರು ಕಣದಲ್ಲಿದ್ದರು! ಅಭ್ಯರ್ಥಿಗಳಾಗಿ ನಾಲ್ವರೂ ಸಮಾನರೇ. ಹುರಿಯಾಳು ಯಾರೆಂಬುದನ್ನು ಮತದಾರರು ಹೆಸರಿನಿಂದಲ್ಲ, ಗುರುತಿನಿಂದ ಹುಡುಕಿ ತೆಗೆಯಬೇಕಾಯಿತು. ಅವರು ಹುಡುಕಿದರು. ಸುಮಲತಾ ಅವರು ೧,೨೫,೮೭೬ ಮತಗಳ ಅಂತರದಿಂದ ಗೆದ್ದರು.

ಹೆಂಗಸನ್ನು ಹುರಿಯಾಳೆನ್ನಬಹುದೆ ಎಂದು ಕೆಲವರು ಕೇಳುವುದುಂಟು. ಧಾರಾಳವಾಗಿ ಎನ್ನಬಹುದು. ನಾಟಿಯ ಕಾಲದಲ್ಲಿ ಮದ್ದೂರಿನ ಗದ್ದೆಗಳಿಗೆ ಬೇಕಾಗುವುದು ಗಂಡಾಳು ಮಾತ್ರವಲ್ಲ, ಹೆಣ್ಣಾಳೂ ಹೌದು. ಪೈರು ನೆಡುವವರು ಹೆಚ್ಚಾಗಿ ಅವರೇ.