ಹೊತ್ತಿಕೊಳ್ಳದ ಅರಿವಳಿಕೆ

ಹಳೆಯ ಆಪರೇಷನ್ ಥಿಯೇಟರುಗಳಲ್ಲಿ ಸ್ವಿಚ್ಚು, ಪ್ಲಗ್ಗುಗಳನ್ನು ಗೋಡೆಯ ಮೇಲೆ ಎತ್ತರದಲ್ಲಿ ಕೂರಿಸುತ್ತಿದ್ದರು. ಕಾರಣ ಈಥರ್. 1846ರಲ್ಲಿ ಬಾಸ್ಟನ್ನಿನಲ್ಲಿ ಎಲ್ಲರೆದುರು ರೋಗಿಯ ನೋವು ಮರೆಸಿದ ಮದ್ದು ಅದು. ಅದರ ಆವಿ ಗಾಳಿಗಿಂತ ಎರಡೂವರೆ ಪಟ್ಟು ಭಾರ. ನೆಲಕ್ಕಿಳಿದು, ಮೇಜಿನ ಕಾಲುಗಳ ಸುತ್ತ ಹರಡಿ, ಕಿಡಿಗಾಗಿ ಕಾಯುತ್ತಿರುತ್ತದೆ.

ರಕ್ತನಾಳ ಸುಟ್ಟು ಮುಚ್ಚುವ ವಿದ್ಯುತ್ ಕಾಟರಿ ಬಂದಮೇಲೆ ಅಪಾಯ ಹೆಚ್ಚಿತು. 1930ರ ದಶಕದಲ್ಲಿ ಬಳಕೆಗೆ ಬಂದ ಸೈಕ್ಲೋಪ್ರೊಪೇನ್ ಎಂಬ ಅರಿವಳಿಕೆ ಇನ್ನೂ ಭೀಕರ: ಆಮ್ಲಜನಕದ ಜೊತೆ ಸೇರಿದರೆ ಸಿಡಿಮದ್ದೇ. ಉಸಿರಾಟದ ಕೊಳವೆಯಲ್ಲಿ ಹೊತ್ತಿದ ಬೆಂಕಿ ನೇರ ರೋಗಿಯ ಶ್ವಾಸಕೋಶಕ್ಕೆ ನುಗ್ಗುತ್ತಿತ್ತು. ನೋವು ತಿಳಿಯದಿರಲೆಂದು ಮಲಗಿಸಿದವರಿಗೆ ಇಂಥ ಸಾವು! ನೈಲಾನ್ ಬಟ್ಟೆ ನಿಷೇಧವಾಯಿತು, ಸ್ಥಾಯಿ ವಿದ್ಯುತ್ತು ನೆಲಕ್ಕಿಳಿಯಲೆಂದು ಕಪ್ಪು ರಬ್ಬರಿನ ಬೂಟು, ಕೊಳವೆಗಳು ಬಂದವು. ಆದರೆ ಇವೆಲ್ಲ ಕಿಡಿಯನ್ನು ತಡೆಯುವ ಕೆಲಸ. ಉರಿಯುವ ವಸ್ತು ಅಲ್ಲೇ ಇತ್ತು.

ಇಂಗ್ಲೆಂಡಿನ ಐಸಿಐ ಕಂಪನಿಯ ರಸಾಯನತಜ್ಞ ಚಾರ್ಲ್ಸ್ ಸಕ್ಲಿಂಗ್ ಆ ವಸ್ತುವನ್ನೇ ಬದಲಿಸಲು ಹೊರಟರು. ಫ್ಲೋರಿನ್ ಸಂಯುಕ್ತಗಳು ಅವರಿಗೆ ಕೈಯಾಡಿಸಿ ಗೊತ್ತಿದ್ದವು. ಇಂಗಾಲ ಮತ್ತು ಫ್ಲೋರಿನ್ನಿನ ಬೆಸುಗೆ ಬಹಳ ಗಟ್ಟಿ, ಸುಲಭಕ್ಕೆ ಬಿಡುವುದಿಲ್ಲ; ಹಾಗಾಗಿ ಹೊತ್ತಿಕೊಳ್ಳುವುದೂ ಕಷ್ಟ. ಸಿಕ್ಕಿದ್ದನ್ನೆಲ್ಲ ಪರೀಕ್ಷಿಸುವ ಬದಲು, ಎಂಥ ಅಣು ಬೇಕೆಂದು ಮೊದಲೇ ಲೆಕ್ಕ ಹಾಕಿ ಅದನ್ನೇ ಕಟ್ಟಿದ್ದು ಅವರ ದೊಡ್ಡತನ ಎಂದು ನನ್ನ ಭಾವನೆ. 1951ರಲ್ಲಿ ಹೊತ್ತಿಕೊಳ್ಳದ ಅರಿವಳಿಕೆ ಹಾಲೋಥೇನ್ ಸಿದ್ಧವಾಯಿತು. ಮೊದಲು ಅದರ ಮಂಪರು ಹತ್ತಿದ್ದು ಹಿಟ್ಟಿನ ಹುಳುಗಳಿಗೆ, ಮನೆನೊಣಗಳಿಗೆ! ಆಮೇಲೆ ಔಷಧತಜ್ಞ ಜೇಮ್ಸ್ ರಾವೆಂಟೋಸ್ ಪ್ರಾಣಿಗಳ ಮೇಲೆ ವರ್ಷಗಟ್ಟಲೆ ಪರೀಕ್ಷಿಸಿದರು. 1956ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೈಕೇಲ್ ಜಾನ್‌ಸ್ಟನ್ ರೋಗಿಗಳಿಗೆ ಕೊಟ್ಟರು. ಅದರಲ್ಲಿರುವ ಫ್ಲೋರಿನ್, ಕ್ಲೋರಿನ್, ಬ್ರೋಮಿನ್‌ಗಳೇ ಬೆಂಕಿ ನಂದಿಸುವ ಹ್ಯಾಲಾನ್ ಅನಿಲದಲ್ಲೂ ಇವೆ.

ಅಪರೂಪಕ್ಕೆ ಯಕೃತ್ತಿಗೆ ತೀವ್ರ ಹಾನಿ ಮಾಡುತ್ತಿದ್ದುದರಿಂದ ಹಾಲೋಥೇನ್ ಹಿಂದೆ ಸರಿಯಿತು. ಈಗಿನ ಐಸೊಫ್ಲೂರೇನ್, ಸೆವೊಫ್ಲೂರೇನ್ ಕೂಡ ಫ್ಲೋರಿನ್ ಕುಲದವೇ.

ಥಿಯೇಟರಿನಲ್ಲಿ ಬೆಂಕಿಯ ಭಯ ಪೂರ್ತಿ ಹೋಗಿಲ್ಲ. ಆಮ್ಲಜನಕವಿದೆ, ಕಾಟರಿಯ ಕಿಡಿಯಿದೆ; ಉರುವಲು ಈಗ ಚರ್ಮಕ್ಕೆ ಹಚ್ಚುವ ಸ್ಪಿರಿಟ್ ದ್ರಾವಣ. ಹಚ್ಚಿದ ಮೇಲೆ ಕನಿಷ್ಠ 3 ನಿಮಿಷ ಆರಲು ಬಿಟ್ಟು, ಬೆನ್ನಡಿಯ ಬಟ್ಟೆಗೆ ಇಳಿದಿದೆಯೇ ಎಂದು ಕೈಯಿಟ್ಟು ನೋಡಿ, ಒದ್ದೆಯಿದ್ದರೆ ಅದನ್ನು ತೆಗೆಸಿ, ಆಮೇಲಷ್ಟೇ ಕಾಟರಿಯನ್ನು ಕೈಗೆ ತೆಗೆದುಕೊಳ್ಳಬೇಕು.