ನಿಮಗಿದು ಗೊತ್ತೆ? ಕೆಸರಲ್ಲಿ ಮಲಗಿದ್ದ ಮೊಟ್ಟೆಗಳು ಹೇಳಿದ ಕಥೆ

ಡ್ಯಾಫ್ನಿಯಾ ಎಂಬ ನೀರುಚಿಗಟ ಸಾಸಿವೆ ಕಾಳಿನಷ್ಟು ಪುಟ್ಟ ಜೀವಿ. ಅದರ ಮೊಟ್ಟೆಗಳು ಕೆರೆ, ಸರೋವರಗಳ ತಳದ ಕೆಸರಿನಲ್ಲಿ ದಶಕಗಟ್ಟಲೆ ನಿದ್ರಿಸಬಲ್ಲವು!

ಯುರೋಪಿನ ಕಾನ್‌ಸ್ಟೆನ್ಸ್ ಸರೋವರಕ್ಕೆ 1960–70ರ ದಶಕಗಳಲ್ಲಿ ರಂಜಕ ತುಂಬಿದ ಕೊಳಚೆ ಹರಿದು, ವಿಷಕಾರಿ ಸಯನೊಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು ಹೆಚ್ಚಿದವು. ವಿಜ್ಞಾನಿಗಳು ಬೇರೆ ಬೇರೆ ಕಾಲದ ಕೆಸರಿನ ಪದರಗಳಿಂದ ಮೊಟ್ಟೆಗಳನ್ನು ತೆಗೆದು ಮರಿ ಮಾಡಿಸಿದರು. ಎಲ್ಲಕ್ಕೂ ಈ ವಿಷಕಾರಿ ಸೂಕ್ಷ್ಮಜೀವಿಗಳು ಬೆರೆತ ಆಹಾರವನ್ನೇ ಕೊಟ್ಟಾಗ ಹಳೆಯ ಪದರದವುಗಳ ಬೆಳವಣಿಗೆ ತೀರಾ ಕುಗ್ಗಿತು. ಮಾಲಿನ್ಯ ಹೆಚ್ಚಿದ ನಂತರದವು ಚೆನ್ನಾಗಿ ತಾಳಿಕೊಂಡವು. ವಿಷ ತಡೆಯುವ ವಂಶವಾಹಿಗಳಿದ್ದವೇ ಉಳಿದು ಸಂತತಿ ಬೆಳೆಸಿದ್ದವು.

1999ರಲ್ಲಿ ‘ನೇಚರ್’ ಪತ್ರಿಕೆ ಈ ಸಂಶೋಧನೆಯನ್ನು ಪ್ರಕಟಿಸಿತು. ಜೀವವಿಕಾಸಕ್ಕೆ ಲಕ್ಷಾಂತರ ವರ್ಷಗಳೇ ಬೇಕೆಂದಿಲ್ಲ. ಕೆಲವೊಮ್ಮೆ ಒಂದೆರಡು ದಶಕವೂ ಸಾಕು!