ಕರತಾಡನವೂ ದಾದಿಯರ ಸೇವೆಯೂ

ನಮ್ಮ ಪಾಠಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಅಪ್ಪಣೆಯಾದಾಗ, ವಿಷಯಕ್ಕಾಗಿ ನಾನು ದೂರ ಹುಡುಕಬೇಕಾಗಲಿಲ್ಲ. ಈ ಶಾಲೆಯ ಮಣೆಗಳ ಮೇಲೆ ಕುಳಿತು ಅಕ್ಷರ ಕಲಿತ ಹೆಣ್ಣುಮಕ್ಕಳಲ್ಲಿ ಉಪಾಧ್ಯಾಯಿನಿಯರಾದವರು ಅನೇಕರು. ದಾದಿಯರಾಗಿ ಆಸ್ಪತ್ರೆಗಳನ್ನು ಸೇರಿದವರೂ ಅವರಿಗೆ ಕಡಿಮೆಯೇನಲ್ಲ. ೨೦೨೦ನೆಯ ಇಸವಿಯಲ್ಲಿ ಕೋವಿಡ್ ಎಂಬ ಮಹಾವ್ಯಾಧಿಯು ಲೋಕವನ್ನೆಲ್ಲಾ ವ್ಯಾಪಿಸಿದಾಗ, ಇಂಥ ದಾದಿಯರಿಗೂ ವೈದ್ಯರಿಗೂ ಕೃತಜ್ಞತೆಯನ್ನು ತೋರುವುದಕ್ಕಾಗಿ ನಾನಾ ದೇಶಗಳ ಜನರು ತಂತಮ್ಮ ಮನೆಯ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಆ ಪದ್ಧತಿಯು ಎಲ್ಲಿ ಹುಟ್ಟಿತು, ನಮ್ಮ ಸೀಮೆಗೆ ಹೇಗೆ ಬಂದಿತು, ಅದರ ಬೆನ್ನಿಗೆ ಏನೇನು ನಡೆಯಿತು ಎಂಬುದನ್ನು ಪೂರ್ವ ವಿದ್ಯಾರ್ಥಿನಿಯರಿಗೂ ಮಕ್ಕಳ ತಂದೆತಾಯಿಗಳಿಗೂ ತಿಳಿದಮಟ್ಟಿಗೆ ನಿವೇದಿಸುತ್ತೇನೆ.

ಆ ವರ್ಷದ ಜನವರಿ ತಿಂಗಳಲ್ಲಿ ಚೀನಾ ದೇಶದ ವೂಹಾನ್ ನಗರದ ಜನರು, ಮನೆಯಿಂದ ಹೊರಬರಕೂಡದೆಂಬ ನಿಬಂಧನೆಗೆ ಒಳಗಾಗಿ, ರಾತ್ರಿಯ ವೇಳೆ ಕಿಟಕಿಗಳಿಂದ ಕೂಗಿ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡರು. ಮಾರ್ಚ್ ೧೪ನೆಯ ತಾರೀಖು ಮಧ್ಯಾಹ್ನ ಇಟಲಿಯವರು ತಮ್ಮ ಮಹಡಿಗಳ ಮೊಗಸಾಲೆಗಳಲ್ಲಿ ನಿಂತು ವೈದ್ಯರಿಗಾಗಿ ಚಪ್ಪಾಳೆ ತಟ್ಟಿದರು. ಅದೇ ರಾತ್ರಿ ಸ್ಪೇನಿನವರೂ ಹಾಗೆಯೇ ಮಾಡಿ, ಮುಂದೆ ಅದನ್ನು ಪ್ರತಿ ಸಂಜೆಯ ನಿಯಮವಾಗಿ ಇಟ್ಟುಕೊಂಡರು. ಹಾಲೆಂಡಿನಲ್ಲಿ ೧೭ನೆಯ ತಾರೀಖು ಇದು ನಡೆಯಿತು. ಹಾಲೆಂಡಿನವಳಾಗಿ ಲಂಡನ್ನಿನಲ್ಲಿ ವಾಸವಾಗಿದ್ದ ಆನ್‌ಮರಿ ಪ್ಲಾಸ್ ಎಂಬಾಕೆಯು ತನ್ನ ತೌರುನಾಡಿನ ಈ ಸಂಗತಿಯನ್ನು ತಿಳಿದು, ಇಂಗ್ಲೆಂಡಿನವರೂ ಇಂತೆಯೇ ಮಾಡಬಾರದೇಕೆ ಎಂದು ಕರೆ ಕೊಟ್ಟಳು. ಅದರಂತೆ ಮಾರ್ಚ್ ೨೬ನೆಯ ತಾರೀಖು, ಗುರುವಾರ, ರಾತ್ರಿ ೮ ಗಂಟೆಗೆ ಬ್ರಿಟನ್ನಿನ ಬೀದಿಬೀದಿಗಳಲ್ಲಿ ಜನರು ಬಾಗಿಲು ತೆರೆದು ಹೊಸ್ತಿಲಿನಲ್ಲಿ ನಿಂತರು. ಚಪ್ಪಾಳೆ ಸಾಲದೆಂದು ಸೌಟಿನಿಂದ ಬಾಣಲೆಗಳನ್ನು ಬಾರಿಸಿದವರೂ ಉಂಟು. ಮುಂದೆ ವಾರವಾರವೂ ಗುರುವಾರದ ಅದೇ ಗಂಟೆಗೆ ಇದು ನಡೆದು, ಮೇ ೨೮ನೆಯ ತಾರೀಖಿಗೆ ಹತ್ತು ವಾರಗಳಾದುವು.

ಆ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಕನ್ನಡನಾಡಿನಿಂದ ಹೋದ ವೈದ್ಯರೂ ದಾದಿಯರೂ ಬಹುಕಾಲದಿಂದ ಕೆಲಸ ಮಾಡುತ್ತಿರುವರಷ್ಟೆ. ಅಂಥ ಮನೆಗಳಲ್ಲಿ ತಾಯಿಯು ರಾತ್ರಿಯ ಪಾಳಿಗೆ ಹೊರಟಿರುವಾಗ ಮಕ್ಕಳು ಬಾಗಿಲಲ್ಲಿ ನಿಂತು, ನೆರೆಹೊರೆಯವರೊಡನೆ ತಮ್ಮ ತಾಯಿಗಾಗಿಯೇ ಚಪ್ಪಾಳೆ ತಟ್ಟಿರಬೇಕು. ಆ ಮಕ್ಕಳ ಮನಸ್ಸಿನಲ್ಲಿ ಹೆಮ್ಮೆಯೂ ಭಯವೂ ಎಷ್ಟೆಷ್ಟಿದ್ದುವೆಂಬುದನ್ನು ಮಕ್ಕಳನ್ನು ಹೆತ್ತ ಓದುಗರು ತಾವೇ ಊಹಿಸಿಕೊಳ್ಳಬಹುದು.

ನಮ್ಮ ದೇಶದಲ್ಲಿ ಇದು ಬ್ರಿಟನ್ನಿಗಿಂತ ನಾಲ್ಕು ದಿನ ಮುಂಚೆಯೇ ನಡೆಯಿತು. ಆದರೆ ವಾರವಾರದ ನಿಯಮವಾಗಲಿಲ್ಲ. ಮಾರ್ಚ್ ೧೯ರ ಸಂಜೆ ಪ್ರಧಾನಮಂತ್ರಿಗಳು ಮಾಡಿದ ಭಾಷಣದ ಪ್ರಕಾರ, ೨೨ನೆಯ ತಾರೀಖು ಭಾನುವಾರ ಬೆಳಿಗ್ಗೆ ೭ ಗಂಟೆಯಿಂದ ರಾತ್ರಿ ೯ ಗಂಟೆಯವರೆಗೆ ಎಲ್ಲರೂ ಮನೆಯಲ್ಲಿಯೇ ಇರತಕ್ಕದ್ದೆಂದೂ, ಸಂಜೆ ೫ ಗಂಟೆಗೆ ಐದು ನಿಮಿಷಗಳ ಕಾಲ ಬಾಗಿಲಲ್ಲಾಗಲಿ ಕಿಟಕಿಯಲ್ಲಾಗಲಿ ನಿಂತು ಕೈಚಪ್ಪಾಳೆ, ತಟ್ಟೆ, ಗಂಟೆಗಳ ಸದ್ದಿನಿಂದ ಕೃತಜ್ಞತೆಯನ್ನು ತೋರತಕ್ಕದ್ದೆಂದೂ ಗೊತ್ತಾಗಿದ್ದಿತು. ಅದಕ್ಕೆ ಜನತಾ ಕರ್ಫ್ಯೂ ಎಂದು ಹೆಸರು. ಇದೇ ಕರ್ಣಾಟಕದ ಕಲಬುರಗಿಯಲ್ಲಿ ವೃದ್ಧರೊಬ್ಬರು ಮಾರ್ಚ್ ೧೦ರಂದು ತೀರಿಕೊಂಡು, ಭಾರತದಲ್ಲಿ ಈ ವ್ಯಾಧಿಯಿಂದಾದ ಮೊದಲನೆಯ ಮರಣವು ಅದೇ ಎಂದು ತಿಳಿದುಬಂದಿದ್ದುದರಿಂದ, ನಮ್ಮ ಜನರಲ್ಲಿ ಅಂಜಿಕೆಯು ಆಗಲೇ ಹೊಕ್ಕಿದ್ದಿತು.

ಚಪ್ಪಾಳೆಯು ನಗರದವರ ವಾಡಿಕೆ. ದಂಡಿಗನಹಳ್ಳಿಯಂಥ ಹೋಬಳಿಯ ಊರುಗಳಲ್ಲಿ ಒಬ್ಬರನ್ನು ಮೆಚ್ಚಿಕೊಂಡುದಕ್ಕೆ ಚಪ್ಪಾಳೆ ತಟ್ಟುವುದು ನಾಟಕದ ಕೊಟ್ಟಿಗೆಯಲ್ಲಿಯೂ ಶಾಲೆಯ ವಾರ್ಷಿಕೋತ್ಸವದಲ್ಲಿಯೂ ಅಲ್ಲದೆ ಮತ್ತೆಲ್ಲಿ? ಜಾಗಟೆ, ತಮಟೆಗಳ ಸದ್ದಿಗಾದರೋ ನಮ್ಮಲ್ಲಿ ಬೇರೊಂದು ಅರ್ಥವುಂಟು. ಊರಿಗೆ ಜಾಡ್ಯ ಬಂದಾಗ ಮಾರಿಯನ್ನು ಎಲ್ಲೆಯಾಚೆಗೆ ಕಳುಹಿಸುವುದಕ್ಕೆ ಹಿಂದಿನವರು ವಾದ್ಯ ಬಾರಿಸುತ್ತಿದ್ದರು. ಆದಕಾರಣ ಆ ಭಾನುವಾರ ತಟ್ಟೆ ಬಾರಿಸಿದವರಲ್ಲಿ ಅನೇಕರು ದಾದಿಗೆ ವಂದನೆಯನ್ನು ಅರ್ಪಿಸುತ್ತಿರುವೆವೆಂದು ತಿಳಿಯದೆ, ವ್ಯಾಧಿಯನ್ನೇ ಓಡಿಸುತ್ತಿರುವೆವೆಂದು ಭಾವಿಸಿದರೆ ಆಶ್ಚರ್ಯವೇನು? ಓದುಬರಹ ಬಲ್ಲವರಲ್ಲಿಯೇ, ಶಬ್ದದ ಕಂಪನದಿಂದ ರೋಗಾಣುವು ಸಾಯುವುದೆಂಬ ವದಂತಿಯು ಹಬ್ಬಿ, ಅದು ಸುಳ್ಳೆಂದು ಸರ್ಕಾರವು ಪ್ರಕಟಿಸಬೇಕಾಯಿತು. ಕೆಲವು ಪಟ್ಟಣಗಳಲ್ಲಿ ಜನರು ಗುಂಪುಗೂಡಿ ಬೀದಿಗಿಳಿದು ಮೆರವಣಿಗೆ ಹೊರಟರು. ಒಬ್ಬರಿಂದೊಬ್ಬರು ದೂರವಿರಬೇಕೆಂದು ನೇಮಿಸಿದ ದಿನದಲ್ಲಿ ಇದಕ್ಕಿಂತ ವಿಪರೀತವು ಇನ್ನಾವುದು!

ಇದಕ್ಕಿಂತಲೂ ವ್ಯಸನಕರವಾದುದು ಚಪ್ಪಾಳೆಯ ಸದ್ದು ಅಡಗುವುದಕ್ಕೆ ಮುಂಚೆಯೇ ಕಾಣಿಸಿಕೊಂಡಿತು. ವೈದ್ಯರಿಗೂ ದಾದಿಯರಿಗೂ ರೋಗವು ಅಂಟಿರಬಹುದೆಂಬ ಭಯದಿಂದ, ಮನೆಯ ಯಜಮಾನರು ಅವರನ್ನು ಬಾಡಿಗೆಯ ಮನೆಗಳಿಂದ ಎಬ್ಬಿಸಿದರೆಂಬ ದೂರುಗಳು ದೇಶದ ಅನೇಕ ನಗರಗಳಿಂದ ಬಂದುವು. ಬೆಂಗಳೂರಿನಲ್ಲಿಯೇ ಏಪ್ರಿಲ್ ತಿಂಗಳಲ್ಲಿ, ಮನೆಮನೆಯ ವಿಚಾರಣೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಜನರು ಕೈಮಾಡಿದರು. ಆ ಕಾರಣದಿಂದ ಏಪ್ರಿಲ್ ೨೨ರಂದು ಕೇಂದ್ರ ಸರ್ಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಿ, ಆರೋಗ್ಯ ಸೇವಕರ ಮೇಲೆ ಬಲಾತ್ಕಾರ ಮಾಡಿದವರಿಗೆ ಮೂರು ತಿಂಗಳಿಂದ ಐದು ವರ್ಷಗಳವರೆಗೆ ಸೆರೆಯನ್ನೂ, ಘೋರವಾದ ಗಾಯ ಮಾಡಿದವರಿಗೆ ಏಳು ವರ್ಷಗಳವರೆಗೆ ಸೆರೆಯನ್ನೂ ವಿಧಿಸಿತು. ಹೀಗೆ ತಿದ್ದಲ್ಪಟ್ಟ ಶಾಸನವು ಹೊಸದಲ್ಲ. ಪ್ಲೇಗಿನ ಕಾಲದಲ್ಲಿ, ೧೮೯೭ರಲ್ಲಿ, ಮಾಡಲ್ಪಟ್ಟುದು. ೧೮೯೮ರಲ್ಲಿ ಮೈಸೂರು ಸೀಮೆಯನ್ನು ಪ್ಲೇಗು ಹೊಕ್ಕಾಗ ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡುದನ್ನೂ, ಪ್ಲೇಗಿನ ನಿಬಂಧನೆಗಳ ವಿರುದ್ಧವಾಗಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ದೊಂಬಿಯೆದ್ದುದನ್ನೂ ಹಿರಿಯರು ಹೇಳುತ್ತಿದ್ದರು. ರೋಗದ ಕಾಲದಲ್ಲಿ ಮನೆಬಾಗಿಲಿಗೆ ಬರುವ ಸೇವಕನನ್ನೇ ರೋಗವೆಂದು ತಿಳಿಯುವುದು ಹಳೆಯ ಭ್ರಮೆಯೇ ಸರಿ.

ದಾದಿಯ ವೃತ್ತಿಯ ವಿಷಯದಲ್ಲಿಯೂ ಇಂಥದೇ ಒಂದು ಹಳೆಯ ಸಂಕೋಚವಿದ್ದಿತು. ವೆಸ್ಲಿಯನ್ ಮಿಷನ್ನಿನವರು ಹಾಸನದಲ್ಲಿ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯನ್ನೂ ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನೂ ಸ್ಥಾಪಿಸಿದ ಕಾಲದಲ್ಲಿ, ಪರರ ಮೈಯ ಕೀವು ರಕ್ತಗಳನ್ನು ಮುಟ್ಟುವ ಕೆಲಸಕ್ಕೆ ತಮ್ಮ ಹೆಣ್ಣುಮಕ್ಕಳನ್ನು ಕಳುಹಿಸಲು ಅನೇಕ ಮನೆತನಗಳವರು ಒಪ್ಪುತ್ತಿರಲಿಲ್ಲ. ಕ್ರೈಸ್ತ ಮನೆಗಳ ಹುಡುಗಿಯರೇ ಬಹುಮಟ್ಟಿಗೆ ಆ ಭಾರವನ್ನು ಹೊತ್ತರು. ಅವರಿಗಾಗಿ ಆಗ ಯಾರೂ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಲಿಲ್ಲವೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾದುದಿಲ್ಲ.

ಇನ್ನು ನಮ್ಮ ಜಿಲ್ಲೆಯ ಸಂಗತಿ. ಮಾರ್ಚ್, ಏಪ್ರಿಲ್ ತಿಂಗಳುಗಳು ಕಳೆದರೂ ಹಾಸನ ಜಿಲ್ಲೆಯಲ್ಲಿ ಒಬ್ಬರಿಗೂ ಈ ವ್ಯಾಧಿ ಕಾಣಿಸಿಕೊಂಡಿರಲಿಲ್ಲ. ಮೇ ೩ನೆಯ ತಾರೀಖು ವಾಯುಪಡೆಯವರು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಮೇಲೆ ಆಕಾಶದಿಂದ ಪುಷ್ಪವೃಷ್ಟಿ ಮಾಡಿದಾಗಲೂ ಇಲ್ಲಿಯವರು ಅದನ್ನು ದೂರದ ಸಮಾಚಾರವೆಂದೇ ಕೇಳಿದರು. ಮೇ ೧೨ರಂದು ಜಿಲ್ಲೆಯ ಮೊದಲ ರೋಗಿಗಳು ಗೊತ್ತಾದರು. ಅವರು ಮುಂಬಯಿಯಿಂದ ಚನ್ನರಾಯಪಟ್ಟಣದ ತಾಲ್ಲೂಕಿಗೆ, ಅಂದರೆ ದಂಡಿಗನಹಳ್ಳಿ ಹೋಬಳಿಯನ್ನೊಳಗೊಂಡ ತಾಲ್ಲೂಕಿಗೇ, ಮರಳಿ ಬಂದವರು. ಹೊಟ್ಟೆಪಾಡಿಗಾಗಿ ಆ ಮಹಾನಗರವನ್ನು ಸೇರಿದ್ದ ನಮ್ಮ ಕಡೆಯ ಬಡವರು, ಅಲ್ಲಿ ಕೆಲಸವು ನಿಂತುಹೋದುದರಿಂದ, ತೌರೂರಿಗಲ್ಲದೆ ಬೇರೆಲ್ಲಿಗೆ ಹೋಗಬೇಕು? ಆ ಮೇ ೧೨ನೆಯ ತಾರೀಖೇ ಫ್ಲಾರೆನ್ಸ್ ನೈಟಿಂಗೇಲಮ್ಮನವರು ಹುಟ್ಟಿ ೨೦೦ ವರ್ಷಗಳು ತುಂಬಿದ ದಿನವೂ ಆಗಿದ್ದಿತು.

ಅಂದಿನಿಂದ ಹಳ್ಳಿಗಳಲ್ಲಿ ಹೊರಗಿನಿಂದ ಬಂದವರನ್ನು ಗುರುತಿಸುವುದು, ಅವರು ಮನೆಯೊಳಗೆ ಪ್ರತ್ಯೇಕವಾಗಿರುವರೇ ಎಂದು ವಿಚಾರಿಸುವುದು, ಜ್ವರ ಕೆಮ್ಮು ಇರುವವರ, ವೃದ್ಧರ, ಗರ್ಭಿಣಿಯರ ಪಟ್ಟಿ ಮಾಡುವುದು, ಇವೆಲ್ಲಾ ಹೆಚ್ಚಾಗಿ ಆಶಾ ಕಾರ್ಯಕರ್ತೆಯರ ಪಾಲಿಗೆ ಬಂದುವು. ೨೦೦೫ರಲ್ಲಿ ಏರ್ಪಟ್ಟ ಗ್ರಾಮೀಣ ಆರೋಗ್ಯ ಯೋಜನೆಯ ಪ್ರಕಾರ, ಸುಮಾರು ಸಾವಿರ ಜನರಿಗೆ ಒಬ್ಬಳಂತೆ ಅದೇ ಊರಿನ ಹೆಂಗಸನ್ನು ಆರಿಸಿ ಈ ಕೆಲಸಕ್ಕೆ ನೇಮಿಸುತ್ತಾರೆ. ಊರಿನ ಸೊಸೆಯೇ ಆದುದರಿಂದ ಆಕೆಗೆ ಎಲ್ಲ ಮನೆಗಳ ಪರಿಚಯವೂ ಉಂಟು; ಅದೇ ಕಾರಣದಿಂದ ಎಲ್ಲ ಮನೆಗಳ ನಿಷ್ಠುರಕ್ಕೂ ಆಕೆಯೇ ಗುರಿ. ಅಣ್ಣನ ಸಮಾನನಾದವನಿಗೆ, ನೀನು ಹದಿನಾಲ್ಕು ದಿನ ಹೊಸ್ತಿಲು ದಾಟಕೂಡದೆಂದು ಹೇಳುವುದು ಸುಲಭವೇ? ವಿಚಿತ್ರವೇನೆಂದರೆ, ಇಷ್ಟೆಲ್ಲಾ ಮಾಡುವವಳಿಗೆ ಸಂಬಳವೆಂಬುದಿಲ್ಲ, ಸ್ವಯಂಸೇವಕಿಯೆಂದೇ ಲೆಕ್ಕ. ಆ ವರ್ಷ ನಮ್ಮ ರಾಜ್ಯದಲ್ಲಿ ಆಕೆಗೆ ದೊರೆಯುತ್ತಿದ್ದುದು ತಿಂಗಳಿಗೆ ೪,೦೦೦ ರೂಪಾಯಿಗಳ ಗೌರವಧನ, ಮತ್ತು ಮಾಡಿದ ಕೆಲಸದ ಲೆಕ್ಕದ ಮೇಲೆ ಸ್ವಲ್ಪ ಪ್ರೋತ್ಸಾಹ ಧನ.

ಲೂಕನ ಸುವಾರ್ತೆಯಲ್ಲಿರುವ ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ನಾವೆಲ್ಲರೂ ಬೆಳಗಿನ ಪಾಠದಲ್ಲಿ ಕಲಿತವರು. ಅವನು ಗಾಯಗಳಿಗೆ ಎಣ್ಣೆ ದ್ರಾಕ್ಷಾರಸಗಳನ್ನು ಹೊಯ್ದು ಕಟ್ಟಿದುದನ್ನು ಉಪಾಧ್ಯಾಯಿನಿಯವರು ಕೇಳಿದರೆ ಎಲ್ಲರೂ ಹೇಳುತ್ತಿದ್ದೆವು. ಮರುದಿನ ಅವನು ಛತ್ರದವನ ಕೈಗೆ ಎರಡು ನಾಣ್ಯಗಳನ್ನು ಕೊಟ್ಟು, ಇನ್ನೂ ವೆಚ್ಚವಾದರೆ ಹಿಂದಿರುಗಿ ಬಂದಾಗ ತೀರಿಸುವೆನೆಂದು ಹೇಳಿಹೋದುದು ಮಾತ್ರ ನಮ್ಮಲ್ಲಿ ಕೆಲವರಿಗೆ ಮರೆತುಹೋಗುತ್ತಿತ್ತು. ಆರೈಕೆಗೆ ನಿಂತವನಿಗೆ ಸಮಾರ್ಯದವನು ಸ್ತುತಿಯನ್ನು ಸಲ್ಲಿಸಲಿಲ್ಲ; ಖರ್ಚನ್ನು ಸಲ್ಲಿಸಿದನು.

ಚಪ್ಪಾಳೆಯ ದಿನಗಳು ಕಳೆದ ಮೇಲೆ ಎದ್ದ ವಿವಾದವೆಲ್ಲಾ ಇದೇ ಆಗಿದ್ದಿತು. ೨೦೨೦ರ ಜುಲೈ ೧೦ರಿಂದ ಕರ್ಣಾಟಕದ ಸುಮಾರು ೪೨,೦೦೦ ಆಶಾ ಕಾರ್ಯಕರ್ತೆಯರು, ತಿಂಗಳಿಗೆ ೧೨,೦೦೦ ರೂಪಾಯಿಗಳನ್ನೂ ರೋಗದಿಂದ ರಕ್ಷಣೆಗೆ ಬೇಕಾದ ಸಾಮಗ್ರಿಗಳನ್ನೂ ಕೇಳಿ ಕೆಲಸ ನಿಲ್ಲಿಸಿದರು. ಬ್ರಿಟನ್ನಿನಲ್ಲಿ ಪ್ಲಾಸ್ ಎಂಬಾಕೆಯು, ಈ ಪದ್ಧತಿಯಲ್ಲಿ ರಾಜಕೀಯವು ಬೆರೆಯುತ್ತಿದೆಯೆಂದು ಕಂಡು, ಹತ್ತನೆಯ ವಾರಕ್ಕೆ ಅದನ್ನು ತಾನೇ ನಿಲ್ಲಿಸಬೇಕೆಂದಳು. ೨೦೨೨ರ ಡಿಸೆಂಬರಿನಲ್ಲಿ ಅಲ್ಲಿಯ ದಾದಿಯರ ಸಂಘವು ತನ್ನ ನೂರಕ್ಕೂ ಹೆಚ್ಚು ವರ್ಷಗಳ ಚರಿತ್ರೆಯಲ್ಲಿ ಮೊದಲನೆಯ ಸಲ ಇಷ್ಟು ವಿಸ್ತಾರವಾದ ಮುಷ್ಕರವನ್ನು ಹೂಡಿತು. ಚಪ್ಪಾಳೆ ತಟ್ಟಿದ ನೆರೆಯವರಲ್ಲಿ ಕಪಟವಿದ್ದಿತೆಂದು ನಾನು ಹೇಳಲಾರೆ. ಮನೆಯಲ್ಲಿ ಬಂಧಿಯಂತಿದ್ದವನಿಗೆ ಆ ಐದು ನಿಮಿಷಗಳಲ್ಲಿ ಎದುರುಮನೆಯವರ ಮುಖವಾದರೂ ಕಂಡಿತು. ದಣಿದು ಬಂದ ದಾದಿಗೆ ತನ್ನನ್ನು ನೆನೆಯುವವರುಂಟೆಂದು ತಿಳಿಯಿತು. ಅದು ಸಣ್ಣ ಸಂಗತಿಯಲ್ಲ. ಆದರೆ ಆ ಸದ್ದು ಸಂಬಳದ ಪುಸ್ತಕದಲ್ಲಿ ಎಲ್ಲಿಯೂ ಜಮೆಯಾಗಲಿಲ್ಲ.

೨೦೨೨ರ ಮೇ ತಿಂಗಳಲ್ಲಿ ಲೋಕದ ಆರೋಗ್ಯ ಸಂಸ್ಥೆಯು ಭಾರತದ ಆಶಾ ಕಾರ್ಯಕರ್ತೆಯರೆಲ್ಲರಿಗೂ ಪ್ರಶಸ್ತಿಯನ್ನು ಕೊಟ್ಟು ಗೌರವಿಸಿತು. ೨೦೨೫ರ ಜನವರಿಯಲ್ಲಿ ಅವರು ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸೇರಿ, ಚಳಿಯ ರಾತ್ರಿಗಳನ್ನು ಅಲ್ಲಿಯೇ ಕಳೆದರು. ಏಪ್ರಿಲ್ ತಿಂಗಳಿಂದ ಕನಿಷ್ಠ ೧೦,೦೦೦ ರೂಪಾಯಿಗಳನ್ನು ಕೊಡಿಸುವುದಾಗಿ ಮುಖ್ಯಮಂತ್ರಿಗಳಿಂದ ಮಾತು ಬಂದ ಮೇಲೆ, ೧೦ನೆಯ ತಾರೀಖು ಧರಣಿಯನ್ನು ಮುಗಿಸಿ ತಂತಮ್ಮ ಊರುಗಳ ಬಸ್ಸು ಹಿಡಿದರು.